ತಿಥಿ ಹೇಳಿ ಬಂದ ಅತಿಥಿ

‘ಅತಿಥಿ’ ಎಂಬ ಶಬ್ದಕ್ಕೆ ನಮ್ಮ ಪ್ರಾಚೀನರು ಹೇಳಿಕೊಂಡು ಬಂದ ಅರ್ಥ ಸರಳವಾದುದು: ಯಾರ ಬರವಿಗೆ ತಿಥಿಯ ಕಟ್ಟುಪಾಡಿಲ್ಲವೋ ಅವರು ಅತಿಥಿಗಳು. ಅಲೆದಾಟವನ್ನು ಸೂಚಿಸುವ ‘ಅತ್’ ಧಾತುವಿನಿಂದ ಈ ಶಬ್ದ ಬಂದಿತೆನ್ನುವವರೂ ಇದ್ದಾರೆ; ವ್ಯುತ್ಪತ್ತಿಯ ದೃಷ್ಟಿಯಿಂದ ಅದೇ ಹೆಚ್ಚು ಸಮಂಜಸವೆಂದು ನನಗೂ ತೋರುತ್ತದೆ. ಆದರೂ ತರಗತಿಯಲ್ಲಿ ಮೊದಲಿನದನ್ನೇ ಹೇಳುತ್ತೇವೆ, ಏಕೆಂದರೆ ಅದರಲ್ಲಿ ಒಂದು ಚಿತ್ರವಿದೆ: ಹೊತ್ತಲ್ಲದ ಹೊತ್ತಿನಲ್ಲಿ ಅಂಗಳಕ್ಕೆ ಬಂದು ನಿಂತವರು, ಒಳಗೆ ಇನ್ನೊಂದು ಹಿಡಿ ಅಕ್ಕಿ ತೊಳೆದು ಹಾಕುವವರು. ಹಳಗನ್ನಡದ ‘ಬಿರ್ದು’, ತಮಿಳಿನ ‘ವಿರುಂದು’, ತೆಲುಗಿನ ‘ವಿಂದು’ ಒಂದೇ ಬಳ್ಳಿಯ ಮಾತುಗಳು. ತುಳುವಿನಲ್ಲಿ ನೆಂಟರಿಷ್ಟರನ್ನು ಹೇಳುವ ‘ಬಿನ್ನೆರ್’ ಕೂಡ ಅದೇ ಬಳ್ಳಿಯದು. ಈ ಮಾತುಗಳಲ್ಲಿ ಬಂದವರೂ ಅವರಿಗಿಕ್ಕುವ ಊಟವೂ ಬೇರೆ ಬೇರೆಯಾಗಿ ಉಳಿದಿಲ್ಲ.

ಜರ್ಮನಿಯಲ್ಲಿ ತಿಥಿಯಿಲ್ಲದೆ ಅತಿಥಿಯಾಗಲು ಸಾಧ್ಯವೇ ಇಲ್ಲ. ಇದನ್ನು ದೂರಿಗಾಗಿ ಹೇಳುತ್ತಿಲ್ಲ. ೨೦೨೫ರ ಜೂನ್ ತಿಂಗಳಲ್ಲಿ ನಾನು ಆ ದೇಶದ ನೈಋತ್ಯ ಭಾಗದ ಟ್ಯೂಬಿಂಗೆನ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ ಒಂಬತ್ತು ರಾತ್ರಿಗಳನ್ನು ಕಳೆದೆ. ಒಂಬತ್ತನ್ನೂ ಅಪರಿಚಿತರ ಮನೆಗಳಲ್ಲಿ, ಬಾಡಿಗೆ ಕೊಡದೆ. ಪ್ರತಿಯೊಂದು ರಾತ್ರಿಯೂ ಮೂರು ತಿಂಗಳು ಮೊದಲೇ ಪತ್ರಮುಖೇನ ನಿಶ್ಚಯವಾಗಿತ್ತು. ಬರುವ ದಿನವಷ್ಟೇ ಅಲ್ಲ, ಬರುವ ಗಂಟೆಯನ್ನೂ ಕೇಳಿದ್ದರು. (ನಮ್ಮಲ್ಲಿ ‘ತಿಥಿ’ ಎಂದರೆ ಬೇರೆಯದೇ ಅರ್ಥ ಬಂದುಬಿಟ್ಟಿದೆ. ಹೊರಡುವ ಮುನ್ನ ಸಹೋದ್ಯೋಗಿಯೊಬ್ಬರಿಗೆ “ಎಲ್ಲ ಮನೆಯವರೂ ತಿಥಿ ಗೊತ್ತುಮಾಡಿದ್ದಾರೆ” ಎಂದಾಗ ಅವರು ಗಾಬರಿಯಾದರು.)

ಟ್ಯೂಬಿಂಗೆನ್ ಏಕೆ ಎಂಬುದನ್ನು ಕನ್ನಡದ ಓದುಗರಿಗೆ ಬಹಳ ವಿವರಿಸಬೇಕಿಲ್ಲ. ೧೪೭೭ರಲ್ಲಿ ಸ್ಥಾಪಿತವಾದ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದಿದ ಹೆರ್ಮನ್ ಮೋಗ್ಲಿಂಗ್ ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ‘ಬಿಬ್ಲಿಯೋಥಿಕಾ ಕರ್ನಾಟಿಕಾ’ದ ಕೆಲಸಕ್ಕಾಗಿ ಅದೇ ವಿಶ್ವವಿದ್ಯಾಲಯ ೧೮೫೮ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ೧೮೯೪ರ ನಿಘಂಟಿನ ಕಿಟೆಲ್ ಅವರು ೧೮೯೬ರಲ್ಲಿ ಅದೇ ಗೌರವವನ್ನು ಪಡೆದರು. ಕನ್ನಡ ವ್ಯಾಕರಣ ಅಚ್ಚಾದ ೧೯೦೩ರಲ್ಲೇ ಆ ಊರಿನಲ್ಲಿ ತೀರಿಕೊಂಡರು. ಮಲಯಾಳದ ಗುಂಡರ್ಟ್ ಅವರ ಹಸ್ತಪ್ರತಿ, ಪುಸ್ತಕಗಳು ಅಲ್ಲಿನ ಗ್ರಂಥಾಲಯದಲ್ಲಿವೆ. ‘ಡೆರ್ ಜೈನಿಸ್ಮುಸ್’ ಬರೆದ ಹೆಲ್ಮುಟ್ ಫಾನ್ ಗ್ಲಾಸೆನಾಪ್ ೧೯೪೬ರಿಂದ ಅಲ್ಲಿ ಪ್ರಾಧ್ಯಾಪಕರಾಗಿದ್ದು ೧೯೬೩ರಲ್ಲಿ ಅಲ್ಲಿಯೇ ಮಡಿದರು. ಇಷ್ಟು ಸಾಕು. ಈ ವಿದ್ವಾಂಸರನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಬರೆದಿದ್ದಾರೆ. ಗುಂಡರ್ಟ್ ಸಂಗ್ರಹವಂತೂ ೨೦೧೮ರಿಂದ ಅಂತರ್ಜಾಲದಲ್ಲೇ ತೆರೆದಿರುವುದರಿಂದ ಅದನ್ನು ನೋಡಲು ಮನೆಯ ಜಗಲಿಯಿಂದ ಏಳಬೇಕಾದ ಅಗತ್ಯವೂ ಇಲ್ಲ. ನನಗಿದ್ದುದು ಆ ಊರಿನಲ್ಲಿ ಇದ್ದು ಬರುವ ಆಸೆ. ನಾನು ಬರೆಯಹೊರಟಿರುವುದು ಅಲ್ಲಿನ ಮನೆಗಳ ವಿಷಯ.

ಆಸೆಗೂ ಸಂಬಳಕ್ಕೂ ನಡುವಿನ ಅಂತರವನ್ನು ತುಂಬಿದ್ದು ‘ಸೆರ್ವಾಸ್’ ಎಂಬ ಹಳೆಯ ಸಂಘಟನೆ. ೧೯೪೯ರಲ್ಲಿ, ಮಹಾಯುದ್ಧ ಮುಗಿದು ನಾಲ್ಕೇ ವರ್ಷಗಳಾಗಿದ್ದಾಗ, ಬಾಬ್ ಲುಯಿಟ್ವೈಲರ್ ಎಂಬ ಯುದ್ಧವಿರೋಧಿ ಅಮೆರಿಕನ್ ತರುಣ ಮತ್ತು ಅವನ ಗೆಳೆಯರು ಡೆನ್ಮಾರ್ಕಿನಲ್ಲಿ ಇದನ್ನು ಆರಂಭಿಸಿದರು. ಒಂದು ದೇಶದವರು ಇನ್ನೊಂದು ದೇಶದವರ ಮನೆಯಲ್ಲಿ ಎರಡು ರಾತ್ರಿ ಮಲಗಿ, ಅವರ ಮೇಜಿನಲ್ಲಿ ಉಂಡರೆ, ಮುಂದೆ ಅವರ ಮೇಲೆ ಬಂದೂಕು ಎತ್ತುವುದು ಸ್ವಲ್ಪವಾದರೂ ಕಷ್ಟವಾಗಬಹುದೆಂಬುದು ಅವರ ನಂಬಿಕೆ. ‘ಸೆರ್ವಾಸ್’ ಎಂದರೆ ಎಸ್ಪೆರಾಂಟೋ ಭಾಷೆಯಲ್ಲಿ ಸೇವೆ ಸಲ್ಲಿಸುತ್ತೇವೆ ಎಂದರ್ಥ. ಸದಸ್ಯರಾಗಲು ಸ್ಥಳೀಯ ಪ್ರತಿನಿಧಿಯೊಬ್ಬರು ಸಂದರ್ಶನ ಮಾಡುತ್ತಾರೆ, ಪರಿಚಯಪತ್ರ ಕೊಡುತ್ತಾರೆ. ಅತಿಥಿ ಆತಿಥೇಯರ ನಡುವೆ ಹಣ ಕೈಬದಲಾಗಕೂಡದು. ಸಾಮಾನ್ಯವಾಗಿ ಎರಡೇ ರಾತ್ರಿ; ಮನೆಯವರು ಇಷ್ಟಪಟ್ಟರೆ ಮುಂದುವರಿಸಬಹುದು. ಇದಕ್ಕಿಂತ ಬಹಳ ಈಚಿನ ‘ಕೌಚ್‌ಸರ್ಫಿಂಗ್’ ನನ್ನ ವಿದ್ಯಾರ್ಥಿಗಳಿಗೆ ಹೆಚ್ಚು ಪರಿಚಿತ; ಆದರೆ ಐವತ್ತಾರು ವಯಸ್ಸಿನ ಹೆಂಗಸೊಬ್ಬಳು ಒಬ್ಬಳೇ ಹೊರಟಾಗ, ಎದುರು ಕುಳಿತು ಮಾತಾಡಿಸಿ ಪತ್ರ ಕೊಡುವ ಹಳೆಯ ಪದ್ಧತಿಯೇ ನನಗೆ ಹಿಡಿಸಿತು.

ಒಬ್ಬಳೇ ಎಂಬ ಈ ಮಾತನ್ನು ನಮ್ಮ ಬಂಧುಬಳಗ ಆಡುವ ರೀತಿಯನ್ನು ಗಮನಿಸಬೇಕು. “ಯಾರ ಜೊತೆ ಹೋಗ್ತಿದ್ದೀ?” ಎಂದು ಕೇಳಿದವರೆಲ್ಲರೂ ‘ಒಬ್ಬಳೇ’ ಎಂಬ ಉತ್ತರವನ್ನು ಒಂದು ಕೊರತೆಯ ವಿವರಣೆಯಂತೆ ಕೇಳಿಸಿಕೊಂಡರು. ವೀಸಾ ಅರ್ಜಿಗಂತೂ ಅದು ಕೊರತೆಯೇ ಅಲ್ಲ. ಅದಕ್ಕೆ ಬೇಕಾದದ್ದು ೯೦ ಯೂರೋ ಶುಲ್ಕ, ಕನಿಷ್ಠ ೩೦,೦೦೦ ಯೂರೋ ಮೊತ್ತದ ವೈದ್ಯಕೀಯ ವಿಮೆ, ಬ್ಯಾಂಕಿನ ಲೆಕ್ಕ, ಮತ್ತು ಎಲ್ಲಿ ತಂಗುತ್ತೀರಿ ಎಂಬುದಕ್ಕೆ ಆಧಾರ. ಮೂರು ಮನೆಯವರೂ ಸಹಿ ಮಾಡಿದ ಪತ್ರಗಳನ್ನು ಕಳುಹಿಸಿದರು. ಫ್ರಾಂಕ್‌ಫರ್ಟ್ ತಲುಪಿದ ಮೇಲೆ ೫೮ ಯೂರೋಗಳ ‘ಡಾಯ್ಚ್‌ಲಾಂಡ್ ಟಿಕೆಟ್’ ನನ್ನ ವಾಹನವಾಯಿತು. ಒಂದು ತಿಂಗಳು ಇಡೀ ದೇಶದ ಸಾವಕಾಶದ ರೈಲುಗಳಲ್ಲಿಯೂ ನಗರದ ಬಸ್ಸುಗಳಲ್ಲಿಯೂ ಅದು ನಡೆಯುತ್ತದೆ. ವೇಗದ ರೈಲುಗಳಲ್ಲಿ ನಡೆಯದು. ಬಡವರ ಟಿಕೆಟ್ಟಿಗೆ ಒಂದು ಲಾಭವಿದೆ. ಮೂರು ಕಡೆ ಇಳಿದು ಹತ್ತಬೇಕಾದುದರಿಂದ ಮೂರು ನಿಲ್ದಾಣಗಳ ಬೆಂಚುಗಳ ಮೇಲೆ ಜನರನ್ನು ನೋಡುತ್ತ ಕುಳಿತಿರಬಹುದು.

ಮೊದಲ ಎರಡು ರಾತ್ರಿ ‘ಫ್ರೆಂಚ್ ಕ್ವಾರ್ಟರ್’ ಎಂದು ಹೆಸರಾದ ಬಡಾವಣೆಯಲ್ಲಿ. ಯುದ್ಧಾನಂತರ ಫ್ರೆಂಚ್ ಸೈನಿಕರ ಬ್ಯಾರಕ್ಕುಗಳಿದ್ದ ಜಾಗ ಅದು. ಸೈನ್ಯ ಹೋದ ಮೇಲೆ, ೧೯೯೦ರ ದಶಕದಿಂದೀಚೆಗೆ, ಹತ್ತಾರು ಕುಟುಂಬಗಳು ಗುಂಪುಗಳಾಗಿ ಸೇರಿ ನಿವೇಶನ ಕೊಂಡು ತಮಗೆ ಬೇಕಾದಂತೆ ಮನೆಗಳನ್ನು ಕಟ್ಟಿಕೊಂಡಿದ್ದಾರೆ. ನನ್ನನ್ನು ಇರಿಸಿಕೊಂಡವರು ಇಬ್ಬರು ಶಿಕ್ಷಕರು, ಅವರಿಗೊಬ್ಬ ಏಳು ವರ್ಷದ ಮಗ. ಮನೆಯ ಕೀಲಿಕೈಯನ್ನು ಹತ್ತನೆಯ ನಿಮಿಷಕ್ಕೇ ನನ್ನ ಕೈಗಿತ್ತು ಮರುದಿನ ಬೆಳಿಗ್ಗೆ ಮೂವರೂ ಹೊರಟುಹೋದರು. ಅಪರಿಚಿತರ ಮನೆಯಲ್ಲಿ ಒಬ್ಬಳೇ ನಿಂತಾಗ ಆದ ದಿಗಿಲು ವಿಚಿತ್ರವಾದುದು. ಅವರಿಗೆ ಏನಾದರೂ ಕಳೆದೀತು ಎಂಬ ಭಯ ಅವರಿಗಿರಲಿಲ್ಲ, ನನಗಿತ್ತು.

ಎರಡನೆಯ ಮನೆಯ ವಿಷಯ ಹೆಚ್ಚೇನಿಲ್ಲ. ಒಳ್ಳೆಯ ಜನ, ಕೆಲಸದ ಒತ್ತಡ, ರಾತ್ರಿಯ ಮಾತು ಅರ್ಧ ಗಂಟೆ. ಹಗಲೆಲ್ಲ ನಾನು ಊರು ಸುತ್ತಿದೆ. ಹೋಹೆನ್‌ಟ್ಯೂಬಿಂಗೆನ್ ಕೋಟೆಯ ಹಳೆಯ ಅಡುಗೆಮನೆಯನ್ನು ನೋಡಿದೆ. ಪ್ರಯೋಗಾಲಯವಾಗಿ ಬದಲಾಗಿದ್ದ ಆ ಅಡುಗೆಮನೆಯಲ್ಲಿಯೇ ೧೮೬೯ರಲ್ಲಿ ಫ್ರೀಡ್ರಿಶ್ ಮೀಷರ್ ಎಂಬ ತರುಣ ವೈದ್ಯ, ಆಸ್ಪತ್ರೆಯ ಬ್ಯಾಂಡೇಜುಗಳ ಕೀವಿನಿಂದ, ಇಂದು ಡಿಎನ್‌ಎ ಎಂದು ಕರೆಯುವ ವಸ್ತುವನ್ನು ಮೊದಲು ಬೇರ್ಪಡಿಸಿದ. ಹೋಲ್ಟ್ಸ್‌ಮಾರ್ಕ್ಟ್‌ನಲ್ಲಿ ಹೆಕೆನ್‌ಹಾವರ್ ಪುಸ್ತಕದ ಅಂಗಡಿ ಇದ್ದ ಕಟ್ಟಡವಿದೆ. ಗುಂಡರ್ಟ್ ಅವರ ಮಗಳ ಮಗ ಹೆರ್ಮನ್ ಹೆಸ್ಸೆ ೧೮೯೫ರಿಂದ ೧೮೯೯ರವರೆಗೆ ಅಲ್ಲಿ ಕೆಲಸ ಕಲಿತ. ಸಮೀಪದಲ್ಲಿಯೇ, ೧೭೯೭ರಲ್ಲಿ ಗೋಯಥೆ ತನ್ನ ಪ್ರಕಾಶಕ ಕೋಟಾನ ಅತಿಥಿಯಾಗಿ ತಂಗಿದ್ದ ಮನೆಯ ಗೋಡೆಯಲ್ಲಿ ಅದನ್ನು ಸಾರುವ ಫಲಕವಿದೆ. ಪಕ್ಕದ ಮನೆಯ ಮೇಲೆ ವಿದ್ಯಾರ್ಥಿಗಳ ಕುಚೋದ್ಯದ ಇನ್ನೊಂದು ಬರಹ: ಗೋಯಥೆ ವಾಂತಿ ಮಾಡಿಕೊಂಡದ್ದು ಇಲ್ಲಿ, ಎಂದು. ಮಹಾಕವಿಗಳನ್ನು ಹೀಗೂ ನೆನೆಯುವ ಊರಿನ ಬಗ್ಗೆ ನನಗೆ ಗೌರವ ಹೆಚ್ಚಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ನೆಕ್ಕರ್ ನದಿಯ ದಂಡೆಯ ಹಳದಿ ಗೋಪುರ. ಕವಿ ಹ್ಯೋಲ್ಡರ್ಲಿನ್ ಬುದ್ಧಿಭ್ರಮಣೆಗೊಳಗಾಗಿ ಊರಿನ ಚಿಕಿತ್ಸಾಲಯದಿಂದ ೧೮೦೭ರಲ್ಲಿ ಹೊರಬಂದಾಗ ವೈದ್ಯರು ಅವನಿಗೆ ಹೆಚ್ಚೆಂದರೆ ಮೂರು ವರ್ಷ ಆಯುಷ್ಯವೆಂದಿದ್ದರು. ಎರ್ನ್‌ಸ್ಟ್ ಟ್ಸಿಮ್ಮರ್ ಎಂಬ ಬಡಗಿ ಅವನನ್ನು ತನ್ನ ಮನೆಗೆ ಕರೆದೊಯ್ದ. ಕಾರಣ, ಅವನು ಈ ಕವಿಯ ‘ಹೈಪೀರಿಯನ್’ ಕಾದಂಬರಿಯನ್ನು ಓದಿ ಮೆಚ್ಚಿದ್ದ. ಮೂರು ವರ್ಷದ ಅತಿಥಿ ಮೂವತ್ತಾರು ವರ್ಷ ಉಳಿದ. ೧೮೩೮ರಲ್ಲಿ ಬಡಗಿ ತೀರಿಕೊಂಡ ಮೇಲೆ ಅವನ ಮಗಳು ಲೊಟ್ಟೆ ನೋಡಿಕೊಂಡಳು, ೧೮೪೩ರಲ್ಲಿ ಕವಿಯ ಕೊನೆಯುಸಿರಿನವರೆಗೆ. ಇದನ್ನು ಕೇವಲ ದಯೆಯ ಕಥೆಯನ್ನಾಗಿ ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ಊಟ ವಸತಿಯ ವೆಚ್ಚ ಕವಿಯ ಮನೆಯವರಿಂದ ಬರುತ್ತಿತ್ತು, ಬಡಗಿ ಲೆಕ್ಕ ಬರೆದು ಕಳುಹಿಸುತ್ತಿದ್ದ. ಆದರೆ ಲೆಕ್ಕದ ಕಾಗದಗಳಲ್ಲಿ ಕವಿಯ ಯೋಗಕ್ಷೇಮವೂ ಇರುತ್ತಿತ್ತು. ಹಣ ಪಡೆದೂ ಮನುಷ್ಯನನ್ನು ಮನುಷ್ಯನಂತೆ ಇರಿಸಿಕೊಳ್ಳಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ನನಗೆ ಗೊತ್ತಿಲ್ಲ. ನೋಡಲು ಬಂದವರನ್ನು ಹ್ಯೋಲ್ಡರ್ಲಿನ್ ‘ಮಹಾಪ್ರಭು’ ಎಂಬಂಥ ಸಂಬೋಧನೆಗಳಿಂದ ಕರೆಯುತ್ತಿದ್ದನಂತೆ. ಕೇಳಿದವರಿಗೆ ಪದ್ಯ ಬರೆದುಕೊಟ್ಟು ‘ಸ್ಕಾರ್ದನೆಲ್ಲಿ’ ಎಂದು ಸಹಿ ಮಾಡಿ, ಯಾವ ಯಾವುದೋ ಶತಮಾನದ ತಾರೀಖು ಹಾಕುತ್ತಿದ್ದ. ತಿಥಿಯ ಹಂಗಿಲ್ಲದ ಅತಿಥಿಯೆಂದರೆ ಅವನೇ.

ಖರ್ಚಿನ ಮಾತನ್ನೂ ಹೇಳಬೇಕು, ಏಕೆಂದರೆ ನನ್ನಂತಹ ಹಲವರನ್ನು ತಡೆಯುವುದು ಅದೇ. ವಿಮಾನ, ವೀಸಾ, ವಿಮೆಗಳನ್ನು ಬಿಟ್ಟರೆ ಒಂಬತ್ತು ದಿನಗಳಲ್ಲಿ ನನ್ನ ಕೈಯಿಂದ ಊಟತಿಂಡಿಗೆ ಹೋದದ್ದು ೭೮ ಯೂರೋ. ಬೇಕರಿಯ ರೊಟ್ಟಿ, ಬೆಣ್ಣೆ ಸವರಿದ ಬ್ರೆಟ್ಸೆಲ್, ಸಂತೆಯ ಚೆರಿಹಣ್ಣು, ನಲ್ಲಿಯ ನೀರು. ನನ್ನ ಸ್ಟೀಲ್ ಲೋಟ ಅಲ್ಲಿ ನಾನೆಣಿಸದ ಗೌರವ ಸಂಪಾದಿಸಿತು. ೨೦೨೨ರ ಜನವರಿಯಿಂದ ಆ ಊರಿನಲ್ಲಿ ಬಳಸಿ ಎಸೆಯುವ ಲೋಟಕ್ಕೆ, ಊಟದ ಡಬ್ಬಿಗೆ ೫೦ ಸೆಂಟ್ ತೆರಿಗೆಯಿದೆ; ವ್ಯಾಪಾರಿಗಳ ಕಡೆಯಿಂದ ದಾವೆ ನಡೆದು, ೨೦೨೫ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ತೆರಿಗೆ ಸಿಂಧುವೆಂದಿತು. ಲೋಟ ಮುಂದೊಡ್ಡಿದರೆ ಕಾಫಿ ಅದರಲ್ಲೇ ಬೀಳುತ್ತಿತ್ತು. ನಮ್ಮ ಮನೆಯಲ್ಲಿ ದೀಪ ಹಚ್ಚುವ ಮೊದಲು ಉಣ್ಣುವ ರೂಢಿ. ಪರದೇಶದಲ್ಲಿ ಅದು ನಡೆಯದೆಂದು ಹೆದರಿಸಿದ್ದರು. ಜೂನ್ ತಿಂಗಳಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ಹೊತ್ತಿಗೆ, ಜರ್ಮನರು ರೊಟ್ಟಿ-ಚೀಸಿನ ಸಂಜೆಯೂಟ ಮುಗಿಸುವುದು ಏಳಕ್ಕೆ. ನನ್ನ ವ್ರತವನ್ನು ಇಡೀ ಊರೇ ಪಾಲಿಸುತ್ತಿತ್ತು.

ಉಳಿದ ಐದು ರಾತ್ರಿಗಳು ಲುಸ್ಟ್‌ನಾವ್ ಭಾಗದಲ್ಲಿ, ಎಪ್ಪತ್ತೆಂಟು ವರ್ಷದ ವಿಧವೆಯೊಬ್ಬರ ಮನೆಯಲ್ಲಿ. ಎರಡು ರಾತ್ರಿಗೆಂದು ಹೋದವಳನ್ನು ಆಕೆಯೇ ಉಳಿಸಿಕೊಂಡರು. ನಿವೃತ್ತ ದಾದಿ, ನೆಟ್ಟಗಿನ ನಡಿಗೆ, ಕಡಿಮೆ ಮಾತು. ಹೋದ ದಿನವೇ ಬಾಗಿಲಿಗೆ ಒಂದು ಪುಟ್ಟ ಹಲಗೆ ನೇತಾಡುತ್ತಿತ್ತು: ‘ಕೇರ್‌ವೊಖೆ’, ಗುಡಿಸುವ ವಾರ. ಶ್ವಾಬಿಯಾ ಪ್ರಾಂತದ ಈ ಪದ್ಧತಿಯಲ್ಲಿ, ಒಂದು ಕಟ್ಟಡದ ಮನೆಗಳವರು ಸರದಿಯ ಮೇಲೆ ಮೆಟ್ಟಿಲು, ಅಂಗಳ, ಬೀದಿಯ ಅಂಚುಗಳನ್ನು ಗುಡಿಸಬೇಕು. ಆಕೆಯ ಮಂಡಿನೋವು ಕಂಡು ಪೊರಕೆಯನ್ನು ನಾನು ಇಸಿದುಕೊಂಡೆ. ಹಣ ಕೊಡಬಾರದ ಮನೆಯಲ್ಲಿ ಕೈಕಾಲಿಗೆ ಕೆಲಸ ಸಿಕ್ಕಿದರೆ ಅದೊಂದು ಬಿಡುಗಡೆ. ಕೆಳಮನೆಯ ಮುದುಕರು ಬಾಗಿಲಲ್ಲಿ ನಿಂತು ಪರೀಕ್ಷಕರಂತೆ ನೋಡಿದರು. ದಿನವೂ ಹೊಸ್ತಿಲು ಸಾರಿಸಿ ರಂಗೋಲಿಯಿಡುವ ಊರಿನವಳೆಂದು ಅವರಿಗೆ ತಿಳಿಸಲು ನನ್ನ ಜರ್ಮನ್ ಸಾಲದು. ಮೂಲೆಗಳನ್ನು ನೋಡಿ ಅವರೇ ತಲೆದೂಗಿದರು.

ಅಡುಗೆಮನೆಯಲ್ಲಿ ನಮ್ಮಿಬ್ಬರ ನಿಜವಾದ ಪರಿಚಯವಾಯಿತು. ಶ್ವಾಬಿಯಾದವರ ಪ್ರಸಿದ್ಧ ತಿನಿಸು ‘ಮೌಲ್‌ಟಾಶೆನ್’, ಹಿಟ್ಟಿನ ಹಾಳೆಯೊಳಗೆ ಹೂರಣವಿಟ್ಟು ಬೇಯಿಸಿದ್ದು. ಉಪವಾಸದ ದಿನಗಳಲ್ಲಿ ಮಾಂಸವನ್ನು ದೇವರ ಕಣ್ಣಿಗೆ ಬೀಳದಂತೆ ಒಳಗೆ ಬಚ್ಚಿಡುತ್ತಿದ್ದರೆಂದು ಕಥೆ; ದೇವರಿಗೆ ಟೋಪಿ ಹಾಕುವ ತಿಂಡಿ ಎಂಬ ಅರ್ಥದ ಅಡ್ಡಹೆಸರೇ ಅದಕ್ಕಿದೆ. ‘ಷ್ಪೆಟ್ಸ್‌ಲೆ’ ಎಂಬ ಶಾವಿಗೆಗೆ ಮೊಟ್ಟೆ ಬೇಕೇ ಬೇಕು. ಹೀಗೆ ಒಂದೊಂದಾಗಿ ಹೊಡೆದುಹಾಕಿ ಕೊನೆಗೆ ಉಳಿದದ್ದು ಬೇಳೆ. ಸಮೀಪದ ಶ್ವಾಬಿಯನ್ ಆಲ್ಪ್ ಬೆಟ್ಟಸೀಮೆಯ ಹಳೆಯ ಮಸೂರ ತಳಿಗಳು ಅಲ್ಲಿಂದ ಮರೆಯಾಗಿಹೋಗಿದ್ದವು. ೨೦೦೬ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ವಾವಿಲೋವ್ ಬೀಜಭಂಡಾರದಲ್ಲಿ ಅವು ಪತ್ತೆಯಾಗಿ ರೈತರು ಮತ್ತೆ ಬೆಳೆಯತೊಡಗಿದರು. ಆಕೆ ಆ ಬೇಳೆಯನ್ನು ಬೇಯಿಸಿ ಕೊನೆಗೆ ವಿನಿಗರ್ ಹಾಕುತ್ತಾರೆ. ನಾನು ಮರುದಿನ ಅದಕ್ಕೇ ಹುಣಸೆಹಣ್ಣು ಕಿವುಚಿ, ಕೊಂಡೊಯ್ದಿದ್ದ ಸಾರಿನ ಪುಡಿ ಹಾಕಿದೆ. ಆ ಕಾಳು ತೊಗರಿಯಂತೆ ಕರಗುವುದಿಲ್ಲ, ತಿಳಿಸಾರಿನ ತಳದಲ್ಲಿ ಗುಂಡುಗುಂಡಾಗಿ ಕುಳಿತುಬಿಡುತ್ತದೆ. ಆಕೆ ಎರಡು ಬಟ್ಟಲು ಕುಡಿದು, ಹುಳಿ ಬೇಳೆಗೆ ಸೇರಲೇಬೇಕೆಂಬುದರಲ್ಲಿ ನಮ್ಮಿಬ್ಬರ ತಾಯಂದಿರೂ ಸರಿ ಎಂದರು.

ಆ ರಾತ್ರಿ ತಮ್ಮ ತಾಯಿಯ ಕಥೆಯನ್ನು ಹೇಳಿದರು. ಯುದ್ಧ ಮುಗಿದ ಮೇಲೆ ಪೂರ್ವದ ಪ್ರಾಂತಗಳಿಂದ ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಜರ್ಮನರು ಮನೆಮಾರು ಕಳೆದುಕೊಂಡು ಪಶ್ಚಿಮಕ್ಕೆ ಬಂದರಷ್ಟೆ. ಅವರನ್ನು ಇರಿಸಲು ಅಧಿಕಾರಿಗಳು ಹಳ್ಳಿಯ ಮನೆಗಳ ಕೋಣೆಗಳನ್ನು ಎಣಿಸಿ, ಹೆಚ್ಚಿದ್ದುದನ್ನು ವಶಪಡಿಸಿಕೊಂಡು ಹಂಚಿದರು. ಸೈಲೀಸಿಯಾದಿಂದ ಬಂದ ತಾಯಿಗೆ ಹೈಲ್‌ಬ್ರೊನ್ ಕಡೆಯ ಹಳ್ಳಿಯೊಂದರಲ್ಲಿ ರೈತರ ಮನೆಯ ಮಾಳಿಗೆಯ ಕೋಣೆ ಸಿಕ್ಕಿತು. ಈಕೆ ೧೯೪೭ರಲ್ಲಿ ಹುಟ್ಟಿದ್ದು ಅಲ್ಲಿಯೇ. ಒಲೆಯನ್ನು ದಿನಕ್ಕೆ ಒಂದು ಗಂಟೆ ಮಾತ್ರ ಬಳಸಬಹುದಿತ್ತು, ಅದೂ ಮನೆಯೊಡತಿಯ ಅಡುಗೆಯಾದ ಮೇಲೆ. ಒಂದೇ ಭಾಷೆ, ಒಂದೇ ದೇಶ, ಆದರೂ ಇವರ ಉಚ್ಚಾರಣೆಯನ್ನು ಊರಿನ ಮಕ್ಕಳು ಅಣಕಿಸುತ್ತಿದ್ದರು. ಹತ್ತು ವರ್ಷ ಕಳೆದರೂ ಇವರ ಹೆಸರು ‘ನಿರಾಶ್ರಿತರು’ ಎಂದೇ. “ನಮ್ಮನ್ನು ಯಾರೂ ಕರೆದಿರಲಿಲ್ಲ, ತಂದು ಹಾಕಿದ್ದರು” ಎಂದರು ಆಕೆ. ಆ ಮನೆಯವರನ್ನು ಆಕೆ ದೂರಲಿಲ್ಲ. ಅವರ ಇಬ್ಬರು ಗಂಡುಮಕ್ಕಳು ಯುದ್ಧದಿಂದ ಹಿಂದಿರುಗಿರಲಿಲ್ಲ, ಆ ಕೋಣೆ ಅವರದಾಗಿತ್ತು. ಸ್ವಂತ ಮನೆಯಾದ ವರ್ಷವೇ ತಾನು ಸೆರ್ವಾಸ್ ಸೇರಿದೆ, ಕರೆದು ಇರಿಸಿಕೊಳ್ಳುವುದು ಹೇಗಿರುತ್ತದೆಂದು ನೋಡಬೇಕಿತ್ತು ಎಂದರು.

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಕೊನೆಯದಾದ ಅತಿಥಿಸಂವಿಭಾಗವನ್ನು ನಾನು ಆಗ ನೆನೆದುದು ಸಹಜ. ಆ ವ್ರತದಲ್ಲಿ ಅತಿಥಿಯೆಂದರೆ ಮೊದಲಿಗೆ ಮುನಿಗಳು, ಚಕ್ರದ ಪೆಟ್ಟಿಗೆ ಎಳೆದುಕೊಂಡು ಬಂದ ಪ್ರವಾಸಿಯಲ್ಲ. ಆದರೆ ‘ಸಂವಿಭಾಗ’ ಎಂಬ ಶಬ್ದವನ್ನು ಗಮನಿಸಿ. ಉಳಿದುದನ್ನು ಕೊಡುವುದಲ್ಲ, ಇದ್ದುದರಲ್ಲಿ ಸರಿಯಾಗಿ ಪಾಲುಮಾಡುವುದು. ಒಲೆಯ ಒಂದು ಗಂಟೆ ದಾನವಾಗಬಹುದು, ಸಂವಿಭಾಗವಾಗಲಾರದು.

ಮೂರನೆಯ ದಿನ ಆಕೆ, ಇನ್ನು ಮುಂದೆ ತನ್ನನ್ನು ‘ಡೂ’ ಎನ್ನಬೇಕೆಂದರು. ಜರ್ಮನ್ನಿನ ‘ಡೂ’ ನಮ್ಮ ‘ನೀನು’, ‘ಝೀ’ ನಮ್ಮ ‘ನೀವು’. ಹಿರಿಯರಾದವರು ತಾವಾಗಿಯೇ ಈ ಸಲಿಗೆಯನ್ನು ಕೊಡುವುದು ಅಲ್ಲಿ ದೊಡ್ಡ ಸ್ನೇಹದ ಕುರುಹು. ತಾಯಿಯನ್ನು ‘ನೀನು’ ಎನ್ನಲು ನಮಗೆ ಅಡ್ಡಿಯಿಲ್ಲ, ಪರಿಚಯದ ಹಿರಿಯರನ್ನು ಹಾಗೆನ್ನಲು ನಾಲಗೆ ಏಳದು. ನಾನು ‘ಡೂ’ ಎನ್ನುತ್ತಲೇ ಕೈ ಮುಗಿಯುತ್ತಿದ್ದೆ. ಆಕೆಗೆ ಅದು ತಮಾಷೆ.

ಹೊರಡುವ ಹಿಂದಿನ ಸಂಜೆ ಆಕೆ ಕೇಳಿದ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. “ನಾನು ನಿನ್ನ ಊರಿಗೆ ಬಂದರೆ ನಿನ್ನ ಮನೆಯಲ್ಲಿ ಇರಬಹುದೇ?” ಆಕೆಯ ಮಂಡಿಗಳು ಆಕೆಯನ್ನು ಅಷ್ಟು ದೂರ ಒಯ್ಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದ್ದರಿಂದಲೇ ಅದು ಉಪಚಾರದ ಪ್ರಶ್ನೆಯಾಗಿರಲಿಲ್ಲ. ನಮ್ಮದು ತಾಯಿ, ತಮ್ಮ, ತಮ್ಮನ ಸಂಸಾರ, ನಾನು ಕೂಡಿರುವ ಮನೆ. ಬಾಡಿಗೆಗೆ ಬಂದವರನ್ನು ಮೊದಲು ಜಾತಿ, ಆಮೇಲೆ ಊಟ, ಆಮೇಲೆ ಉದ್ಯೋಗ ಕೇಳುವ ಬೀದಿ. ‘ಅತಿಥಿದೇವೋಭವ’ ಎಂದು ಫಲಕ ಬರೆಸಿದ ಎಷ್ಟು ಮನೆಗಳಲ್ಲಿ ಹೆಸರು ಕೇಳದೆ ಹಾಸಿಗೆ ಹಾಸುತ್ತಾರೆ? ನನ್ನನ್ನು ಆ ಮೂರು ಮನೆಗಳಲ್ಲಿ ಯಾರೂ ನೀನು ಯಾವ ಪೈಕಿ ಎಂದು ಕೇಳಲಿಲ್ಲ. ಏನು ತಿನ್ನುವುದಿಲ್ಲ ಎಂದಷ್ಟೇ ಕೇಳಿದರು. “ಮನೆಯವರನ್ನು ಕೇಳಿ ಬರೆಯುತ್ತೇನೆ” ಎಂದೆ. “ಬರೆ” ಎಂದರು.

ಊರಿಗೆ ಬಂದು ವಿಷಯ ಎತ್ತಿದಾಗ ತಮ್ಮ ಒಪ್ಪಲಿಲ್ಲ. “ಅಕ್ಕಾ, ಯಾರು ಎತ್ತ ಅಂತ ಗೊತ್ತಿಲ್ಲದವರನ್ನ ಹೆಣ್ಣುಮಕ್ಕಳಿರೋ ಮನೇಲಿ ಹೇಗೆ ಇಟ್ಕೊಳ್ಳೋದು?” ಅವನ ಅಂಜಿಕೆ ಹುಸಿಯೆಂದು ನಾನು ಹೇಳಲಾರೆ, ಸಂದರ್ಶನ, ಪರಿಚಯಪತ್ರಗಳ ಕ್ರಮವನ್ನು ವಿವರಿಸಿದೆ. ಎರಡು ತಿಂಗಳು ಮಾತು ಅಲ್ಲಿಗೇ ನಿಂತಿತ್ತು. ಎಂಬತ್ತೆರಡರ ಅಮ್ಮ ಒಂದು ದಿನ ಹೂಬತ್ತಿ ಹೊಸೆಯುತ್ತ, ಯಾರೂ ಕೇಳದೆಯೇ ಹೇಳಿದರು: “ಇವಳನ್ನ ಅವರು ಯಾರು ಎತ್ತ ಅಂತ ಕೇಳಿದ್ರೇನೋ? ಬರಲಿ. ಮೊಟ್ಟೆ ತರಬಾರದು, ಚರ್ಮದ ಚಪ್ಪಲಿ ಹೊರಗೆ ಬಿಡಬೇಕು, ಕತ್ತಲಾಗೋದ್ರೊಳಗೆ ಉಣ್ಣಬೇಕು. ನಮ್ಮ ಜೊತೇಲೇ ಕೂತು ಉಣ್ಣಬೇಕು.”

ಕೊನೆಯ ಮಾತನ್ನು ತಮ್ಮನೂ ಗಮನಿಸಿದ. ಮಾಳಿಗೆಯ ಕೋಣೆಯಲ್ಲಿದ್ದ ಹಳೆಯ ಪತ್ರಿಕೆಗಳ ಕಟ್ಟುಗಳು ನನ್ನವು, ಅವನ್ನು ಇಳಿಸಿದ್ದೇವೆ, ಸುಣ್ಣ ಬಳಿದಾಗಿದೆ. ವಿದೇಶೀಯರು ಮನೆಯಲ್ಲಿ ತಂಗಿದರೆ ೨೪ ಗಂಟೆಗಳೊಳಗೆ ವಿದೇಶೀಯರ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲಿ ತಿಳಿಸಬೇಕೆಂಬ ನಿಯಮವನ್ನು ತಮ್ಮನೇ ಹುಡುಕಿ ಓದಿಕೊಂಡ. ಲುಸ್ಟ್‌ನಾವಿಗೆ ಕಾಗದ ಬರೆದು, ಅಮ್ಮನ ಷರತ್ತುಗಳನ್ನೆಲ್ಲ ಅನುವಾದಿಸಿ ಕಳುಹಿಸಿದೆ. ಆಕೆಯ ಉತ್ತರ ಎರಡು ವಾರದಲ್ಲಿ ಬಂತು: ಷರತ್ತುಗಳು ನ್ಯಾಯವಾಗಿವೆ, ಮೆಟ್ಟಿಲು ಗುಡಿಸುವ ಸರದಿ ಯಾರದು ಎಂಬುದನ್ನು ಮಾತ್ರ ನೀನು ಬರೆದಿಲ್ಲ. ಫೆಬ್ರವರಿಯಲ್ಲಿ ಬರಲು ಪೋಲೆಂಡಿನ ಶಿಕ್ಷಕಿಯೊಬ್ಬರು ತಾರೀಖು, ರೈಲಿನ ಸಮಯ ಎರಡನ್ನೂ ಬರೆದಿದ್ದಾರೆ. ಆ ದಿನ ಯಾವ ವಾರವೆಂದು ಅಮ್ಮ ಎರಡು ಸಲ ಕೇಳಿದ್ದಾರೆ.